ಫ್ಲೂಟಿನ ಅಭ್ಯಾಸಗಳನ್ನು ಕ್ಲಾರಿನೆಟ್ ಕಲಿಯುವವರಿಗೆ ಕೊಡಬಹುದಾ?

ಧಾರಾಳವಾಗಿ ಕೊಡಬಹುದು. ನಾನೂ ಕೊಡುತ್ತೇನೆ. ನಿಮ್ಮ ಹತ್ತಿರ ಫ್ಲೂಟ್ ಪುಸ್ತಕಗಳೇ ಜಾಸ್ತಿ ಇವೆ, ಅವನ್ನೇ ಕ್ಲಾರಿನೆಟ್ ಮಕ್ಕಳಿಗೆ ಹಚ್ಚಿದರೆ ಅಭ್ಯಾಸ ಕೆಡುತ್ತದಾ ಅಂತ ನಿಮ್ಮ ಪ್ರಶ್ನೆ, ಅಲ್ವಾ? ಬೆರಳಿಗೆ, ಕಿವಿಗೆ ಸಂಬಂಧಪಟ್ಟದ್ದನ್ನು ಧೈರ್ಯವಾಗಿ ತಗೊಳ್ಳಿ. ತುಟಿ, ಉಸಿರಿನದ್ದಾದರೆ ಮೊದಲು ನೀವೇ ಊದಿ ನೋಡಿ.

ನನಗೆ ತುಂಬಾ ಉಪಯೋಗಕ್ಕೆ ಬಂದದ್ದು ಫ್ಲೂಟಿನವರ ಉದ್ದ ಸ್ವರದ ಅಭ್ಯಾಸ. ಚೆನ್ನಾಗಿ ನುಡಿಯುವ ಒಂದು ಸ್ವರ ಹಿಡಿದು, ಅಲ್ಲಿಂದ ಅರ್ಧ ಸ್ವರ ಇಳಿಯಬೇಕು. ಎರಡನೆಯದೂ ಮೊದಲನೆಯದರಷ್ಟೇ ತುಂಬಿ ಬರುವವರೆಗೆ ಮುಂದೆ ಹೋಗುವಂತಿಲ್ಲ. ಕ್ಲಾರಿನೆಟ್‌ನಲ್ಲಿ ಇದನ್ನು ಐದು ಗೆರೆಗಳ ಸ್ವರಲಿಪಿಯಲ್ಲಿ ಕೆಳಗಿನಿಂದ ಮೂರನೇ ಸಂದಿನಲ್ಲಿರುವ ಸಿ ಇಂದ ಶುರು ಮಾಡಿಸಿ. ಸಿ, ಬಿ ಗಟ್ಟಿಯಾಗಿ ಬರುತ್ತವೆ. ಬಿ ಫ್ಲಾಟ್‌ಗೆ ಬಂದ ಕೂಡಲೇ ಧ್ವನಿ ಬಡಕಲಾಗುತ್ತದೆ. ಆಗ ಬಲಗೈ ಬೆರಳುಗಳನ್ನು ಎತ್ತದೆ ತೂತುಗಳ ಮೇಲೆ ಹಾಗೇ ಇಟ್ಟುಕೊಳ್ಳಲು ಹೇಳಿ. ಧ್ವನಿಗೆ ಸ್ವಲ್ಪ ಮೈ ಬರುತ್ತದೆ, ವಾಪಸ್ ಬಿ ಗೆ ಹತ್ತುವಾಗ ಬೆರಳಿನ ಗಡಿಬಿಡಿಯೂ ಅರ್ಧ ಕಡಿಮೆ.

ಆದರೆ ಫ್ಲೂಟ್ ಪುಸ್ತಕಗಳಲ್ಲಿ ಅದೇ ಬೆರಳಿಟ್ಟು ಒಂದು ಆಕ್ಟೇವ್ (ಅದೇ ಹೆಸರಿನ ಮೇಲಿನ ಸ್ವರಕ್ಕೆ) ಹಾರುವ ಅಭ್ಯಾಸಗಳು ಬರುತ್ತವಲ್ಲ, ಅವು ಇಲ್ಲಿ ನಡೆಯುವುದಿಲ್ಲ. ಕ್ಲಾರಿನೆಟ್ ಒಂದು ತುದಿ ಮುಚ್ಚಿದ ನೇರ ಕೊಳವೆಯ ಹಾಗೆ ನುಡಿಯುತ್ತದೆ. ಕೆಳಗಿನ ಎಫ್ ಹಿಡಿದು ರಿಜಿಸ್ಟರ್ ಕೀ (ಸ್ವರವನ್ನು ಮೇಲಕ್ಕೆ ಹಾರಿಸುವ, ಹೆಬ್ಬೆರಳಿನ ಕೀ) ಒತ್ತಿದರೆ ಮೇಲಿನ ಎಫ್ ಬರುವುದಿಲ್ಲ, ಅದರಾಚೆಯ ಸಿ ಬರುತ್ತದೆ. ಅಂದರೆ ಕೆಳಗಿನ ಎಫ್ ಇಂದ ಎಣಿಸಿದರೆ ಹನ್ನೆರಡನೇ ಸ್ವರ. ಹಾಗಾಗಿ ಆ ಪುಟವನ್ನು ಎಫ್-ಸಿ, ಜಿ-ಡಿ, ಎ-ಇ ಅಂತ ತಿದ್ದಿಕೊಳ್ಳಿ. ಇನ್ನೊಂದು ಮಾತು: ಫ್ಲೂಟಿನಲ್ಲಿ ಮೇಲೆ ಹಾರಲು ತುಟಿಯ ಕೆಲಸ ಬೇಕು. ಇಲ್ಲಿ ಆ ಕೆಲಸ ಮಾಡುವುದು ಹೆಬ್ಬೆರಳು. ತುಟಿ ಬಿಗಿ ಮಾಡು ಅಂದರೆ ಮಗು ರೀಡನ್ನು (ಬಾಯಲ್ಲಿಟ್ಟು ಊದುವ ತೆಳು ಪಟ್ಟಿಯನ್ನು) ಕಚ್ಚುತ್ತದೆ, ಆಮೇಲೆ ಕೀಚಲು ಧ್ವನಿ ಬಿಡಿಸುವುದು ನಿಮ್ಮ ಪಾಲಿಗೆ.

ಪುಸ್ತಕದಲ್ಲಿರುವ ಉಸಿರಿನ ಗುರುತುಗಳನ್ನೂ ಕುರುಡಾಗಿ ನಂಬಬೇಡಿ. ಫ್ಲೂಟಿನಲ್ಲಿ ಗಾಳಿ ಬೇಗ ಖರ್ಚಾಗುತ್ತದೆ. ಕ್ಲಾರಿನೆಟ್ ಊದುವವರು ಎಷ್ಟೋ ಕಡೆ ಎರಡು ಗುರುತು ದಾಟಿ ಹೋಗಬಹುದು.

ಪಿಟೀಲು, ಪಿಯಾನೋದವರ ಲಯ ಬದಲಿಸುವ ಉಪಾಯವನ್ನೂ ಸೇರಿಸಿ. ವೇಗದ ಸಾಲನ್ನು ಉದ್ದ-ಗಿಡ್ಡ, ಆಮೇಲೆ ಗಿಡ್ಡ-ಉದ್ದ ಅಂತ ನುಡಿಸುವುದು. ಎ ಇಂದ ಬಿ ಗೆ ದಾಟುವಾಗ ಯಾವ ಬೆರಳು ತಡವಾಗುತ್ತಿದೆ ಅಂತ ಆಗ ತಾನಾಗೇ ಗೊತ್ತಾಗುತ್ತದೆ.

ವೈಬ್ರಾಟೋ, ಅಂದರೆ ಸ್ವರವನ್ನು ಅಲುಗಿಸಿ ನುಡಿಸುವ ಪುಟಗಳನ್ನು ಸುಮ್ನೆ ಬಿಟ್ಟುಬಿಡಿ. ಪಾಶ್ಚಾತ್ಯ ಶಾಸ್ತ್ರೀಯ ಕ್ಲಾರಿನೆಟ್‌ನಲ್ಲಿ ಅದರ ಬಳಕೆ ಕಡಿಮೆ. ಜಾಝ್ ಕಲಿಯುವವರು ಬಂದಾಗ ನೋಡಿಕೊಂಡರಾಯಿತು.