ಯಾರೂ ಕೇಳದ ಹಳೇ ಸೆಡಾನ್: ಎಷ್ಟು ಬೆಲೆ ಹೇಳಲಿ?

ನಿಮ್ಮ 2012ರ ಶೆವ್ರೊಲೆ ಏವಿಯೊಗೆ ಗಿರಾಕಿ ಸಿಗದಿರುವುದು ಗಾಡಿಯ ತಪ್ಪಲ್ಲ. ಕಂಪನಿ 2017ರಲ್ಲೇ ಭಾರತದಲ್ಲಿ ಮಾರಾಟ ನಿಲ್ಲಿಸಿತು, ಹಾಗಾಗಿ ಜನಕ್ಕೆ ಬಿಡಿಭಾಗದ ಭಯ.

ಮೊದಲು ಗುಜರಿಯವರಲ್ಲಿ ತೂಕದ ರೇಟು ಕೇಳಿ. ಅದೇ ತಳಬೆಲೆ, ಅದಕ್ಕಿಂತ ಕೆಳಗಿಳಿಯಬೇಡಿ. ನಂತರ ಅದೇ ಮಾಡೆಲ್‌ನ ನಾಲ್ಕೈದು ಜಾಹೀರಾತು ನೋಡಿ. ತಿಂಗಳುಗಟ್ಟಲೆ ಹಾಗೇ ಬಿದ್ದಿರುವವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸವೆದ ಟೈರು, ಸೋತ ಬ್ಯಾಟರಿ, ಮುಗಿದ ಇನ್ಶೂರೆನ್ಸ್ ಖರ್ಚು ಕಳೆಯಿರಿ. ಹದಿನೈದು ವರ್ಷ ತುಂಬುವ ಮೊದಲೇ ಮಾರಿ, ಆಮೇಲೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎಂಬ ಸರ್ಟಿಫಿಕೇಟ್) ಖರ್ಚನ್ನೂ ನಿಮ್ಮ ಬೆಲೆಯಲ್ಲೇ ಮುರಿಯುತ್ತಾರೆ.

ಹೊಸ ಪೇಂಟ್ ಹೊಡೆಸಲೇಬೇಡಿ, ಆಕ್ಸಿಡೆಂಟ್ ಮುಚ್ಚಿದ್ದಾರೆ ಅಂದುಕೊಳ್ಳುತ್ತಾರೆ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ತೋರಿಸಿ. ಈ ಮಾಡೆಲ್ ರಿಪೇರಿ ಮಾಡುವ ಗ್ಯಾರೇಜಿನಲ್ಲಿ ವಿಚಾರಿಸಿ, ನಿಜವಾದ ಗಿರಾಕಿ ಅಲ್ಲೇ ಸಿಗುವುದು.

ಮಾರಿದ 14 ದಿನದೊಳಗೆ, ಗಾಡಿ ಮಾರಿದ್ದನ್ನು ತಿಳಿಸುವ ಫಾರಂ 29 ಆರ್‌ಟಿಒಗೆ ಕೊಡಿ. ಆರ್‌ಸಿ ಹೆಸರು ಬದಲಾಗುವವರೆಗೆ ದಂಡದ ನೋಟಿಸು ನಿಮ್ಮ ಮನೆಗೇ ಬರುತ್ತದೆ.