ಚಂಡಮಾರುತ, ಸುಂಟರಗಾಳಿ ಎರಡೂ ಒಂದೇನಾ? ಯಾವುದು ಜಾಸ್ತಿ ಅಪಾಯ?

ಎರಡೂ ಸುತ್ತುವ ಗಾಳಿಯೇ. ಆದರೆ ಹುಟ್ಟುವ ರೀತಿ ಪೂರ್ತಿ ಬೇರೆ.

ಚಂಡಮಾರುತಕ್ಕೆ ಬೆಚ್ಚಗಿನ ಸಮುದ್ರ ಬೇಕು. ನೀರು ಸುಮಾರು 26-27 ಡಿಗ್ರಿ ಸೆಲ್ಸಿಯಸ್ ಆದರೂ ಇರಬೇಕು. ಅಲ್ಲಿಂದ ಎದ್ದ ಆವಿ ಮೇಲೆ ಹೋಗಿ ಮೋಡವಾಗುವಾಗ ಶಾಖ ಬಿಡುತ್ತದೆ. ಆ ಶಾಖಕ್ಕೆ ಗಾಳಿ ಇನ್ನೂ ಮೇಲೇರುತ್ತದೆ, ಕೆಳಗೆ ಒತ್ತಡ ಕುಸಿಯುತ್ತದೆ, ಸುತ್ತಲಿನ ಗಾಳಿ ಒಳಗೆ ನುಗ್ಗುತ್ತದೆ. ಭೂಮಿ ತಿರುಗುತ್ತಿರುವುದರಿಂದ ಅದು ಸುತ್ತತೊಡಗುತ್ತದೆ. ನೆಲದ ಮೇಲೆ ಬಂದಾಗ ಆವಿ ಸಿಗದೆ ಸೊರಗುತ್ತದೆ.

ಸುಂಟರಗಾಳಿ ದೊಡ್ಡ ಗುಡುಗು ಮೋಡದಿಂದ ಕೆಳಗಿಳಿಯುತ್ತದೆ. ಸಾಮಾನ್ಯವಾಗಿ ಕೆಲವೇ ನಿಮಿಷ ಇರುತ್ತದೆ. ತೀವ್ರವಾದದ್ದರಲ್ಲಿ ಗಾಳಿ ಗಂಟೆಗೆ 300 ಕಿ.ಮೀ. ದಾಟಬಹುದು. ಎಚ್ಚರಿಕೆ ಕೊಡಲು ಸಮಯ ತುಂಬಾ ಕಡಿಮೆ.

ಆದರೂ ಜಾಸ್ತಿ ಜೀವ ತೆಗೆದಿರುವುದು ಚಂಡಮಾರುತವೇ, ಅದೂ ಗಾಳಿಗಿಂತ ನೀರಿನಿಂದ. ಗಾಳಿ ಸಮುದ್ರವನ್ನೇ ದಡದ ಮೇಲೆ ತಳ್ಳಿಬಿಡುತ್ತದೆ. 1970ರ ಭೋಲಾ ಚಂಡಮಾರುತದಲ್ಲಿ, ಇಂದಿನ ಬಾಂಗ್ಲಾದೇಶದ ಕರಾವಳಿಯಲ್ಲಿ, ಸುಮಾರು 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನ ಸತ್ತರೆಂಬ ಅಂದಾಜಿದೆ. ಹೆಚ್ಚಿನವರನ್ನು ನುಂಗಿದ್ದು ಆ ನೀರು.

ಇನ್ನೊಂದು ಮಾತು ದಯವಿಟ್ಟು ನೆನಪಿಡಿ. ಚಂಡಮಾರುತದ ನಡುವೆ ಗಾಳಿ ತಟ್ಟನೆ ನಿಂತರೆ ಹೊರಗೆ ಬರಬೇಡಿ. ಅದು ಅದರ ಕಣ್ಣು, ಅಂದರೆ ನಟ್ಟನಡುವಿನ ಶಾಂತ ಭಾಗ, ಇರಬಹುದು. ಸ್ವಲ್ಪ ಹೊತ್ತಿಗೆ ಗಾಳಿ ಎದುರು ದಿಕ್ಕಿನಿಂದ ಮತ್ತೆ ಅಪ್ಪಳಿಸುತ್ತದೆ.