ಅಮ್ಮ ಕಾಯುವ ಆ ಅರ್ಧ ಗಂಟೆಯ ಬಗ್ಗೆ ಬರೆಯಿರಿ

ನಮಸ್ಕಾರ.

ನೀವು ಕಳಿಸಿದ ‘ಇನ್ಸುಲಿನ್ ಎಂಬ ಸಂಜೀವಿನಿ’ ಲೇಖನ ಪೂರ್ತಿ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಎರಡು ಸಾಲಿನಲ್ಲಿ ‘ಕ್ಷಮಿಸಿ’ ಎಂದು ಬರೆದು ಮುಗಿಸಲು ಮನಸ್ಸಿಲ್ಲ. ಯಾಕೆಂದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಅಡಗಿದೆ, ನೀವು ಅದನ್ನು ಒಂದೇ ವಾಕ್ಯದಲ್ಲಿ ದಾಟಿಹೋಗಿದ್ದೀರಿ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲು ತಪ್ಪಿನ ವಿಷಯ. ‘ಪ್ಯಾಂಕ್ರಿಯಾಸ್ ಇನ್ಸುಲಿನ್ನನ್ನು ನಿಷ್ಕ್ರಿಯ ರೂಪದಲ್ಲಿ ಬಿಡುಗಡೆ ಮಾಡುತ್ತದೆ, ಅದು ಲಿವರ್ ತಲುಪಿದ ಮೇಲೆ ಕೆಲಸಕ್ಕೆ ತಯಾರಾಗುತ್ತದೆ’ ಎಂದು ಬರೆದಿದ್ದೀರಿ. ಇದು ಸರಿಯಲ್ಲ. ಎಲ್ಲಿಂದ ಬಂದಿರಬಹುದು ಅಂತ ಊಹಿಸಬಲ್ಲೆ. ಅದೇ ಪ್ಯಾಂಕ್ರಿಯಾಸ್ ಜೀರ್ಣಕ್ಕೆ ಬೇಕಾದ ಟ್ರಿಪ್ಸಿನೋಜೆನ್ ಎಂಬುದನ್ನು ಸಣ್ಣ ಕರುಳಿಗೆ ಬಿಡುತ್ತದೆ, ಅದು ನಿಜಕ್ಕೂ ನಿಷ್ಕ್ರಿಯವಾಗಿಯೇ ಹೊರಬಂದು, ಕರುಳಿನಲ್ಲಿ ತುಂಡಾಗಿ ಟ್ರಿಪ್ಸಿನ್ ಆಗುತ್ತದೆ. ಪಠ್ಯಪುಸ್ತಕದಲ್ಲಿ ಇವೆರಡೂ ಒಂದೇ ಪಾಠದಲ್ಲಿ ಬರುತ್ತವೆ, ಕಲಸಿಹೋಗುವುದು ಸುಲಭ. ಇನ್ಸುಲಿನ್ ದಾರಿಯೇ ಬೇರೆ. ಲಿವರ್ ಅದನ್ನು ಎಬ್ಬಿಸುವುದಿಲ್ಲ. ಪ್ಯಾಂಕ್ರಿಯಾಸ್‌ನಿಂದ ಹೊರಟ ಇನ್ಸುಲಿನ್ ಮೊದಲು ಹೋಗುವುದು ಲಿವರ್‌ಗೇ, ಅದು ನಿಜ. ಆದರೆ ಅಲ್ಲಿ ಅದು ತನ್ನ ಕೆಲಸ ಮಾಡುತ್ತದೆ, ಮತ್ತು ಹೆಚ್ಚುಕಡಿಮೆ ಅರ್ಧದಷ್ಟು ಮೊದಲ ಸುತ್ತಿನಲ್ಲೇ ಅಲ್ಲಿ ನಾಶವಾಗುತ್ತದೆ.

ಕತ್ತರಿಸುವ ಕೆಲಸ ಇನ್ಸುಲಿನ್‌ಗೂ ಇದೆ, ಆದರೆ ಅದು ಮುಗಿಯುವುದು ಬೀಟಾ ಕೋಶದ, ಅಂದರೆ ಪ್ಯಾಂಕ್ರಿಯಾಸ್‌ನಲ್ಲಿ ಇನ್ಸುಲಿನ್ ತಯಾರಿಸುವ ಕೋಶದ, ಒಳಗೇ. 1967ರಲ್ಲಿ ಶಿಕಾಗೋದಲ್ಲಿ ಡೊನಾಲ್ಡ್ ಸ್ಟೈನರ್ ಇದನ್ನು ಕಂಡುಹಿಡಿದರು. ಮೊದಲು ತಯಾರಾಗುವುದು ಪ್ರೊಇನ್ಸುಲಿನ್, 86 ಅಮೈನೋ ಆಮ್ಲಗಳ (ಪ್ರೋಟೀನ್ ಕಟ್ಟುವ ಬಿಡಿ ಮಣಿಗಳ) ಒಂದೇ ಎಳೆ. ಆ ಎಳೆ ಮಡಚಿಕೊಂಡು ಸರಿಯಾದ ಆಕಾರಕ್ಕೆ ಬಂದಮೇಲೆ ಮಧ್ಯದ ಭಾಗ ಕತ್ತರಿಸಿ ಬೇರೆಯಾಗುತ್ತದೆ. 31 ಅಮೈನೋ ಆಮ್ಲಗಳ ಆ ತುಂಡೇ ಸಿ-ಪೆಪ್ಟೈಡ್. ಅದರ ಎರಡು ತುದಿಯಲ್ಲಿದ್ದ ಇನ್ನೂ ನಾಲ್ಕು ಉದುರಿಹೋಗುತ್ತವೆ. ಉಳಿದ 51 ಸೇರಿ ಇನ್ಸುಲಿನ್. ಇದೆಲ್ಲ ಆಗುವುದು ಕೋಶದೊಳಗಿನ ಪುಟ್ಟ ಚೀಲಗಳಲ್ಲಿ. ರಕ್ತದಲ್ಲಿ ಶುಗರ್ ಏರಿದಾಗ ಚೀಲ ಕೋಶದ ಅಂಚಿಗೆ ಬಂದು ಬಾಯಿ ಬಿಡುತ್ತದೆ, ಇನ್ಸುಲಿನ್ನೂ ಸಿ-ಪೆಪ್ಟೈಡೂ ಸಮಸಮ ಸಂಖ್ಯೆಯಲ್ಲಿ ಹೊರಬರುತ್ತವೆ. ಸ್ವಲ್ಪ ಪ್ರೊಇನ್ಸುಲಿನ್ನೂ ಹಾಗೇ ಬರುತ್ತದೆ, ಅದರ ಪ್ರಭಾವ ಕಡಿಮೆ.

ಹಾಗಾದರೆ ಹೊರಬಂದ ಮೇಲೆ ಏನೂ ಆಗುವುದಿಲ್ಲವಾ? ಆಗುತ್ತದೆ. ಆ ಭಾಗವನ್ನೇ ನೀವು ಬರೆದಿಲ್ಲ.

ನಿಮ್ಮ ಆರನೇ ಪ್ಯಾರಾದಲ್ಲಿ ಈ ಸಾಲಿದೆ: ‘ಅಮ್ಮ ಬಾಟಲಿಯನ್ನು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ, ಸೂಜಿ ಚುಚ್ಚಿಕೊಂಡು, ಗಡಿಯಾರ ನೋಡುತ್ತಾ ಕೂರುತ್ತಾಳೆ, ಅರ್ಧ ಗಂಟೆ ಆಗದೆ ತಟ್ಟೆ ಮುಟ್ಟುವುದಿಲ್ಲ.’ ಇಡೀ ಲೇಖನದಲ್ಲಿ ನೀವು ಕಣ್ಣಾರೆ ನೋಡಿ ಬರೆದದ್ದು ಇದೊಂದೇ. ಇದಾದ ಕೂಡಲೇ ‘ಇನ್ಸುಲಿನ್ ಜೀವಕೋಶದ ಬಾಗಿಲಿನ ಕೀಲಿಕೈ’ ಎಂಬ, ಎಲ್ಲ ಆಸ್ಪತ್ರೆಯ ಗೋಡೆ ಮೇಲೂ ಇರುವ ಮಾತಿಗೆ ಹೋಗಿಬಿಟ್ಟಿರಿ. ಯಾಕೆ? ಅಮ್ಮ ಯಾಕೆ ಕಾಯುತ್ತಾರೆ ಎಂದು ನಿಮಗೆ ಕೇಳಬೇಕು ಅನ್ನಿಸಲಿಲ್ಲವಾ? ಡಾಕ್ಟರ್ ಹೇಳಿದ್ದಾರೆ, ಸರಿ. ಡಾಕ್ಟರ್ ಯಾಕೆ ಹಾಗೆ ಹೇಳಿದರು?

ಉತ್ತರ ಇಲ್ಲಿದೆ. ಚೀಲದೊಳಗೆ ಇನ್ಸುಲಿನ್ ಒಂಟಿಯಾಗಿ ಇರುವುದಿಲ್ಲ. ಎರಡೆರಡು ಅಂಟಿಕೊಂಡು ಜೋಡಿಯಾಗುತ್ತವೆ, ಅಂಥ ಮೂರು ಜೋಡಿ ಎರಡು ಸತುವಿನ ಅಯಾನುಗಳ ಸುತ್ತ ಸೇರಿ ಆರರ ಗುಂಪಾಗುತ್ತದೆ. ಹೀಗೆ ಗಟ್ಟಿಯಾಗಿ ಹರಳುಗಟ್ಟಿ ಕೂತರೆ ಜಾಗವೂ ಉಳಿಯುತ್ತದೆ, ಬೇಗ ಹಾಳಾಗುವುದೂ ಇಲ್ಲ. ಆದರೆ ರಿಸೆಪ್ಟರ್‌ಗೆ, ಅಂದರೆ ಜೀವಕೋಶದ ಮೇಲೆ ಇನ್ಸುಲಿನ್ ಹಿಡಿಯುವ ಜಾಗಕ್ಕೆ, ಅಂಟಬೇಕಾದ ಮುಖ ಗುಂಪಿನ ಒಳಗೆ ಮುಚ್ಚಿಹೋಗಿರುತ್ತದೆ. ಅಂದರೆ ಗುಂಪಿನಲ್ಲಿರುವವರೆಗೆ ಇನ್ಸುಲಿನ್ ಕೆಲಸಕ್ಕೆ ಬಾರದು. ಒಂಟಿಯಾದಾಗ ಮಾತ್ರ ಅದು ಇನ್ಸುಲಿನ್.

ಚೀಲದ ಒಳಗೆ ಹುಳಿ ಜಾಸ್ತಿ, ಪಿಎಚ್ ಸುಮಾರು 5.5. ಸತುವೂ ಧಾರಾಳ. ಚೀಲ ಬಾಯಿ ಬಿಟ್ಟ ಕ್ಷಣ ಅದು ಸೇರುವುದು ಪಿಎಚ್ 7.4ರ ರಕ್ತಕ್ಕೆ. ಸತು ಚದುರಿಹೋಗುತ್ತದೆ. ಹಿಡಿದಿಟ್ಟಿದ್ದ ಸತು ಹೋದಮೇಲೆ ಆರು ಎರಡೆರಡಾಗುತ್ತದೆ, ಎರಡು ಒಂದೊಂದಾಗುತ್ತದೆ. ಬೀಟಾ ಕೋಶಗಳ ಪಕ್ಕದಲ್ಲೇ ಸೂಕ್ಷ್ಮ ರಕ್ತನಾಳಗಳು ದಟ್ಟವಾಗಿ ಹೆಣೆದುಕೊಂಡಿರುವುದರಿಂದ ಇದೆಲ್ಲ ಬಹಳ ಬೇಗ ನಡೆದುಹೋಗುತ್ತದೆ. ಬಿಡುಗಡೆಯಾದ ಮೇಲೆ ಇನ್ಸುಲಿನ್ ಸಕ್ರಿಯವಾಗುವುದು ಎಂದರೆ ಇದು. ಕತ್ತರಿಸುವುದಲ್ಲ, ಬಿಡಿಸಿಕೊಳ್ಳುವುದು.

ಈಗ ಅಮ್ಮನ ಬಾಟಲಿಗೆ ಬನ್ನಿ. ಉರುಳಿಸಬೇಕಾಗುವುದು ಬೆಳ್ಳಗೆ ಮಬ್ಬಾಗಿ ಕಾಣುವ ಇನ್ಸುಲಿನ್ನನ್ನು. ನಿಮ್ಮ ವಿವರಣೆ ನೋಡಿದರೆ ಅದು 30/70 ಮಿಶ್ರಣ ಇರಬೇಕು, ಕೇಳಿ ಖಚಿತ ಮಾಡಿಕೊಳ್ಳಿ. ಹಾಗಿದ್ದರೆ ಅದರಲ್ಲಿ 30 ಭಾಗ ಸಾದಾ ಇನ್ಸುಲಿನ್. 70 ಭಾಗ ಪ್ರೋಟಮೈನ್ ಎಂಬ ಪ್ರೋಟೀನ್ ಜತೆ ಸೇರಿಸಿ ನಿಧಾನಗೊಳಿಸಿದ್ದು, ತಳಕ್ಕೆ ಇಳಿಯುವುದು ಅದೇ. ಹಾಗಾಗಿ ಉರುಳಿಸಬೇಕು. ಸಾದಾ ಭಾಗದಲ್ಲೂ ಇನ್ಸುಲಿನ್ ಸತುವಿನ ಸುತ್ತ ಆರರ ಗುಂಪಾಗಿಯೇ ಇರುತ್ತದೆ. ಅದನ್ನು ಚರ್ಮದ ಕೆಳಗಿನ ಕೊಬ್ಬಿಗೆ ಚುಚ್ಚುತ್ತೇವೆ. ಅಲ್ಲಿ ಪ್ಯಾಂಕ್ರಿಯಾಸ್‌ನಂಥ ರಕ್ತನಾಳದ ಜಾಲ ಇಲ್ಲ. ಬಾಟಲಿಯಲ್ಲಿದ್ದ ಸಾಂದ್ರತೆ ರಕ್ತದಲ್ಲಿ ಇರುವುದಕ್ಕಿಂತ ಲಕ್ಷಗಟ್ಟಲೆ ಪಟ್ಟು ಹೆಚ್ಚು, ಅದು ಆ ಕೊಬ್ಬಿನೊಳಗೆ ನಿಧಾನವಾಗಿ ತಿಳಿಯಾಗಬೇಕು, ಸತು ಬಿಟ್ಟುಹೋಗಬೇಕು, ಆರರ ಗುಂಪು ಒಡೆಯಬೇಕು, ಯಾಕೆಂದರೆ ಇಡೀ ಗುಂಪು ರಕ್ತನಾಳದ ಗೋಡೆ ದಾಟಿ ಒಳಗೆ ಹೋಗುವಷ್ಟು ಚಿಕ್ಕದಲ್ಲ. ಬೀಟಾ ಕೋಶದ ಹತ್ತಿರ ಸರಕ್ಕನೆ ಮುಗಿಯುವ ಕೆಲಸಕ್ಕೆ ಇಲ್ಲಿ ಅರ್ಧ ಗಂಟೆ ಬೇಕು. ನಿಮ್ಮ ಅಮ್ಮ ಗಡಿಯಾರ ನೋಡುತ್ತಾ ಕಾಯುತ್ತಿರುವುದು ಇದಕ್ಕೇ.

ಇದೇ ನಿಮ್ಮ ಲೇಖನ ಆಗಬೇಕು. ಅಮ್ಮನ ಕಾಯುವಿಕೆಯಿಂದ ಶುರು ಮಾಡಿ, ಪ್ರಶ್ನೆ ಕೇಳಿ, ಸತುವಿಗೆ ಬನ್ನಿ. ಆರರ ಗುಂಪಿನ ವಿಷಯ ಒಣಒಣ ಅನ್ನಿಸಬಹುದು ಅಂತ ಹೆದರಬೇಡಿ, ಅದರ ಹಿಂದೆ ಮನುಷ್ಯರ ಕಥೆ ಇದೆ. ವಿಜ್ಞಾನಿ ಡೊರೊಥಿ ಹಾಡ್ಜ್‌ಕಿನ್ 1930ರ ದಶಕದಲ್ಲೇ ಇನ್ಸುಲಿನ್ ಹರಳಿನ ಎಕ್ಸ್-ರೇ ಚಿತ್ರ ತೆಗೆದಿದ್ದರು, ಅದರ ಪೂರ್ಣ ರಚನೆ ಬಿಡಿಸಿದ್ದು 1969ರಲ್ಲಿ, ಆಕ್ಸ್‌ಫರ್ಡ್‌ನಲ್ಲಿ. ಅವರು ಕಂಡದ್ದು ಸತು ಹಿಡಿದಿಟ್ಟ ಈ ಆರರ ಗುಂಪನ್ನೇ. ಆ ತಂಡದಲ್ಲಿ ಎಂ. ವಿಜಯನ್ ಇದ್ದರು. ಆಮೇಲೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಪ್ರೋಟೀನ್ ರಚನೆಯ ಅಧ್ಯಯನವನ್ನು ಈ ದೇಶದಲ್ಲಿ ಬೆಳೆಸಿದರು. ಕನ್ನಡದ ಓದುಗರಿಗೆ ಇದು ತಿಳಿಯಬೇಕು ಅಲ್ವಾ? ನಿಮ್ಮ ಮೊದಲ ನಾಲ್ಕು ಪ್ಯಾರಾ, ಅಂದರೆ ಇನ್ಸುಲಿನ್ ಕಂಡುಹಿಡಿದ ಕಥೆ, ಟೊರಾಂಟೊ, ಬ್ಯಾಂಟಿಂಗ್, ಬೆಸ್ಟ್, ನಾಯಿಗಳು, ಎಲ್ಲ ತೆಗೆಯಿರಿ. ಆ ಕಥೆ ಸಾಕಷ್ಟು ಸಲ ಬಂದಿದೆ, ನಿಮ್ಮದರಲ್ಲಿ ಹೊಸದೇನೂ ಇಲ್ಲ.

ಗುಂಪು ಒಡೆಯುವುದನ್ನು ಬೇಗ ಮಾಡಿಸಲು ಏನು ಮಾಡಿದರು ಎಂಬುದನ್ನೂ ಸೇರಿಸಿ. ಇನ್ಸುಲಿನ್‌ನ ಎರಡು ಎಳೆಗಳಲ್ಲಿ ಒಂದಾದ ಬಿ ಎಳೆಯ 28 ಮತ್ತು 29ನೇ ಜಾಗದಲ್ಲಿರುವ ಎರಡು ಅಮೈನೋ ಆಮ್ಲಗಳನ್ನು ಅದಲುಬದಲು ಮಾಡಿದರು, ಅಷ್ಟೇ. ಜೋಡಿ ಗಟ್ಟಿಯಾಗಿ ಅಂಟಿಕೊಳ್ಳುವುದು ತಪ್ಪಿತು, ಚುಚ್ಚಿದ ಮೇಲೆ ಬೇಗ ಬಿಡಿಸಿಕೊಳ್ಳುವ ಲಿಸ್‌ಪ್ರೊ ಇನ್ಸುಲಿನ್ 1996ರಲ್ಲಿ ಬಳಕೆಗೆ ಬಂತು. ಅದನ್ನು ತಗೊಳ್ಳುವವರು ಊಟಕ್ಕೆ ಕೂರುವ ಹೊತ್ತಿಗೇ ಚುಚ್ಚಿಕೊಳ್ಳಬಹುದು. ಓದುಗರಿಗೆ ‘ಹಾಗಾದರೆ ನಾವೂ ಬದಲಾಯಿಸೋಣ’ ಅನ್ನಿಸುವ ಹಾಗೆ ಮಾತ್ರ ಬರೆಯಬೇಡಿ. ಯಾರಿಗೆ ಯಾವುದು ಅನ್ನುವುದು ಡಾಕ್ಟರ್ ನಿರ್ಧಾರ.

ಸಿ-ಪೆಪ್ಟೈಡ್‌ಗೂ ಒಂದು ಪ್ಯಾರಾ ಕೊಡಿ. ನೀವು ಅದನ್ನು ‘ತ್ಯಾಜ್ಯ’ ಅಂದಿದ್ದೀರಿ. ಇಂಜೆಕ್ಷನ್ ಬಾಟಲಿಯಲ್ಲಿ ಅದು ಇರುವುದಿಲ್ಲ. ಹಾಗಾಗಿ ಇನ್ಸುಲಿನ್ ಚುಚ್ಚಿಕೊಳ್ಳುವವರ ರಕ್ತದಲ್ಲಿ ಅದು ಸಿಕ್ಕರೆ ಅವರ ಸ್ವಂತ ಬೀಟಾ ಕೋಶಗಳು ಇನ್ನೂ ಕೆಲಸ ಮಾಡುತ್ತಿವೆ ಎಂದು ಡಾಕ್ಟರಿಗೆ ತಿಳಿಯುತ್ತದೆ.

ಭಾಷೆಯ ಬಗ್ಗೆ ಒಂದೇ ಮಾತು. ‘ಮಹಾಮಾರಿ’, ‘ಮನುಕುಲದ ಶತ್ರು’, ‘ವರದಾನ’ ಎಲ್ಲ ಬಿಡಿ. ಅಮ್ಮನ ಸಾಲು ಬರೆದಾಗ ನಿಮಗೆ ಅವ್ಯಾವುವೂ ಬೇಕಾಗಲಿಲ್ಲ.

ಕೊನೆಯ ಭಾಗದ ಬಗ್ಗೆ ಮಾತ್ರ ಖಡಾಖಂಡಿತವಾಗಿ ಹೇಳಬೇಕು. ‘ದಿನಾ ಹಾಗಲಕಾಯಿ ರಸ ಕುಡಿದರೆ ಇಂಜೆಕ್ಷನ್ ಬಿಡಬಹುದು’ ಎಂದು ಬರೆದಿದ್ದೀರಿ. ಇದನ್ನು ಯಾವ ರೂಪದಲ್ಲೂ ಪ್ರಕಟಿಸುವುದಿಲ್ಲ. ಟೈಪ್ 1 ಡಯಾಬಿಟಿಸ್ ಇರುವ, ಅಂದರೆ ಸ್ವಂತ ಇನ್ಸುಲಿನ್ ಹೆಚ್ಚುಕಡಿಮೆ ತಯಾರಾಗದ, ಮಗುವಿನ ತಾಯಿ ಇದನ್ನು ಓದಿ ನಂಬಿದರೆ ಕೆಲವೇ ದಿನಗಳಲ್ಲಿ ಆ ಮಗುವಿನ ಜೀವ ಹೋಗಬಹುದು. ನೀವು ಕೆಟ್ಟ ಉದ್ದೇಶದಿಂದ ಬರೆದಿಲ್ಲ ಅಂತ ಗೊತ್ತು. ಆದರೂ ಅಳಿಸಿ.

ತಿದ್ದಿ ಕಳಿಸಿ, ನಾನೇ ಓದುತ್ತೇನೆ. 900 ಪದ ಮೀರಬೇಡಿ. ಜತೆಗೆ ಅಮ್ಮ ಬಳಸುವ ಬಾಟಲಿಯ ಲೇಬಲ್ ನೋಡಿ, ಎಂಎಲ್‌ಗೆ 40 ಯೂನಿಟ್ಟಾ 100 ಯೂನಿಟ್ಟಾ ಎಂದು ಬರೆದುಕೊಳ್ಳಿ. ನಮ್ಮಲ್ಲಿ ಎರಡೂ ಸಿಗುತ್ತವೆ, ಸಿರಿಂಜ್ ಬೇರೆ ಬೇರೆ. ಲೇಖನದಲ್ಲಿ ಅದನ್ನು ತಪ್ಪಾಗಿ ಹಾಕುವ ಹಾಗಿಲ್ಲ.